ಮನೆ ನಿಮ್ಮದು, ನೆಲ ನಮ್ಮದು

ಇದು ಖರೇ ನಡೆದದ್ದು. ಸುಳ್ಳು ಹೇಳುವಾಗ ನಾನು ಬೇರೆಯವರ ದನಿ ಬಳಸುತ್ತೇನೆ. ಇದು ನನ್ನದೇ ದನಿ.

ಸಂಡೂರಿನ ಗುಡ್ಡದ ಮಗ್ಗುಲಿಗೆ ವಿರೂಪಾಕ್ಷಪ್ಪನವರು ರಜಾ ಮನೆಗಳ ಪಾರ್ಕ್ ಮಾಡಿದ್ದರು. ಹೊಸಪೇಟೆಯಲ್ಲಿ ಅಕ್ಕಿ ಗಿರಣಿ ನಡೆಸುವ ನಮ್ಮತ್ತೆ ಸುವರ್ಣಮ್ಮ ಅಲ್ಲೊಂದು ಮರದ ಮನೆ ಕೊಂಡಿದ್ದಳು. ಕಬ್ಬಿಣದ ಚೌಕಟ್ಟಿನ ಮೇಲೆ ಕೂತ ಮನೆ. ಮನೆ ಅತ್ತೆಯದು, ಅಡಿಯ ನೆಲ ಪಾರ್ಕಿನದು. ವಿರೂಪಾಕ್ಷಪ್ಪ ಇರುವತನಕ ಈ ಫರಕು ಯಾರಿಗೂ ಗೊತ್ತಾಗಿರಲಿಲ್ಲ. ಅವರು ಪಾರ್ಕನ್ನು ಗಣಿ ಸಾಹುಕಾರ ಮರುಳಸಿದ್ದಪ್ಪನಿಗೆ ಮಾರಿದ್ದೇ ತಡ, ಹೊಸ ಮ್ಯಾನೇಜರ್ ಮಾಲತೇಶ ಬಾಗಿಲಿಗೆ ಬಂದ.

"ಹಳೇ ಮನಿ ಪಾರ್ಕಿನ ಲುಕ್ ಕೆಡಸ್ತಾವ. ಶುಕ್ರವಾರ ಎತ್ತಾಕ ಕ್ರೇನ್ ಬರ್ತದ."

"ಎಲ್ಲಿಗೆ ಒಯ್ಲೋ ಮಾರಾಯಾ?" ಎಂದಳು ಅತ್ತೆ.

"ಮನಿ ನಿಮ್ದು, ನೆಲ ನಮ್ದು. ತಲಿ ಮ್ಯಾಲ ಹೊತ್ಕೊಂಡ್ ಹೋಗ್ರಿ!"

ಅತ್ತೆ ಅಳಲಿಲ್ಲ. ನನ್ನ ಕಡೆ ತಿರುಗಿದಳು. "ಗಿರೀಶಾ, ಮಂದಿ ದನಿ ಅಣಕಿಸೋ ನಿನ್ನ ಹಾಳು ವಿದ್ಯೆ ಒಮ್ಮೆಯಾದ್ರೂ ಉಪಯೋಗಕ್ಕ ಬರ್ಲಿ."

ಸಾಹುಕಾರನ ದನಿ, ಕೆಮ್ಮು ಎರಡೂ ನನಗೆ ಬಾಯಿಪಾಠ. ಆತ ಯಾರ ಫೋನ್ ಕೈಗೆ ಸಿಕ್ಕರೂ ಅದರಿಂದಲೇ ಮಾತಾಡುವ ಮನುಷ್ಯ; ಹಾಗಾಗಿ ನಂಬರಿನ ತೊಂದರೆಯೂ ಇಲ್ಲ.

"ಏಮಯ್ಯಾ ಮಾಲತೇಶಾ, ಖೊಕ್ ಖೊಕ್, ಮಧ್ಯಾಹ್ನ ಬರ್ತೀನಿ. ಕೋಟ್ ಹಾಕ್ಕೊಂಡು ಗೇಟಿಗೆ ನಿಂದ್ರು. ತಿಳೀತಾ?"

ಮಾಲತೇಶ ಉರಿಬಿಸಿಲಲ್ಲಿ ಕೋಟು ತೊಟ್ಟು, ಹಾರ ಹಿಡಿದು ನಿಂತ. ಮರುದಿನ ಅದೇ ದನಿಯಲ್ಲಿ ಹೇಳಿ ಗೇಟಿನ ಕಲ್ಲುಗಳಿಗೆ ಹಸಿರು ಬಣ್ಣ ಬಳಿಸಿದೆ, ಅದರ ಮರುದಿನ ಬಿಳಿ. ಇದೆಲ್ಲ ಗೊತ್ತಿದ್ದ ಕಾವಲುಗಾರ ಉಚ್ಚೆಂಗಪ್ಪ ನಗು ತಡೆಯಲಾರದೆ ಗುಟ್ಟು ಬಿಟ್ಟುಕೊಟ್ಟ. ಮಾಲತೇಶ ಓಡಿಬಂದ.

"ಲೇ, ಇನ್ನೊಮ್ಮೆ ಆ ದನಿ ಕೇಳಿದ್ರ ಫೋನ್‌ನ್ಯಾಗ ಕೈ ಹಾಕಿ ನಾಲಿಗಿ ಕೀಳ್ತೀನಿ!"

ನನಗೆ ಬೇಕಾದದ್ದೂ ಅದೇ.

ಶುಕ್ರವಾರ ಕ್ರೇನ್ ಬಂತು. ನಡೆಸುವವನು ಹನುಮಣ್ಣ, ಸಾಹುಕಾರನ ಗಣಿಯ ಹಳೇ ಆಳು. ಅತ್ತೆ ಒಳಗಿಂದ ಸಾಹುಕಾರನಿಗೆ ಫೋನ್ ಹಚ್ಚಿದಳು. "ನಿಮ್ಮ ಮ್ಯಾನೇಜರ್ ನಿಮಗ ಕವಡಿ ಕಿಮ್ಮತ್ತು ಕೊಡಲ್ರಿ. ಈಗ್ಲೇ ಮಾತಾಡಿ ನೋಡ್ರಿ. ಸುಳ್ಳಾದ್ರ ಮನಿ ನಾನೇ ಕಿತ್ತಿಸ್ತೀನಿ. ಖರೇ ಆದ್ರ ಮುಟ್ಟಬ್ಯಾಡ್ರಿ."

"ನಡೀರಿ, ನೋಡೇಬಿಡೋಣು," ಎಂದ ಸಾಹುಕಾರ.

ಹೊರಗೆ ಮಾಲತೇಶನ ಫೋನ್ ಹೊಡೆದುಕೊಂಡಿತು. ಹೊಸ ನಂಬರು. ಆತ ನಮ್ಮ ಕಿಟಕಿಯತ್ತ ಕಣ್ಣು ಮಿಟುಕಿಸಿ, ನೆರೆದವರಿಗೆಲ್ಲ ಕೇಳಲೆಂದು ಸ್ಪೀಕರ್ ಹಾಕಿದ.

"ಏಮಯ್ಯಾ..."

"ಏಮಯ್ಯಾನೂ ಇಲ್ಲ, ಗೀಮಯ್ಯಾನೂ ಇಲ್ಲ! ಮುದಿ ಕೆಮ್ಮಣ್ಣಾ, ನಿನ್ನ ಗಣಿ ಗುಂಡ್ಯಾಗ ನೀನೇ ಬಿದ್ದು ಸಾಯಿ!"

ಫೋನಿನಲ್ಲಿ ಒಂದು ಕೆಮ್ಮು ಕೇಳಿತು. "ಹನುಮಣ್ಣ ಅದಾನಾ?"

ಹನುಮಣ್ಣ ಕ್ರೇನಿನಿಂದ ಹಾರಿ, ತಲೆಯ ಟವೆಲ್ ತೆಗೆದು ಫೋನಿನ ಮುಂದೆ ನಿಂತ. "ಅದೀನ್ರಿ ಧಣಿ."

"ಕ್ರೇನ್ ಹೊಳ್ಳಿಸು. ಆ ಅಮ್ಮನ ಮನಿ ಯಾರೂ ಮುಟ್ಟಬ್ಯಾಡ್ರಿ. ಇವನ ಗಂಟುಮೂಟಿ ಗೇಟಿನ ಹೊರಗ ಇಡ್ರಿ. ತಿಳೀತಾ?"

"ಹನುಮಣ್ಣನ್ನೂ ಮಂಗ ಮಾಡಿದ್ಯಲ್ಲಲೇ ಗಿರೀಶಾ!" ಮಾಲತೇಶ ತೊಡೆ ತಟ್ಟಿಕೊಂಡ.

ನಾನು ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು ಕಿಟಕಿಯಲ್ಲಿ ನಿಂತಿದ್ದೆ. ಕ್ರೇನ್ ಕೆಂಪು ಧೂಳೆಬ್ಬಿಸಿ ಹೊಳ್ಳಿತು. ಉಚ್ಚೆಂಗಪ್ಪ ಮ್ಯಾನೇಜರನ ಟ್ರಂಕು ಹೊತ್ತು ಗೇಟಿನತ್ತ ಹೊರಟ. ಅತ್ತೆ ಸೆರಗು ಬಾಯಿಗಿಟ್ಟು ನಕ್ಕಳು, ನೆರೆಮನೆಯವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಮಾಲತೇಶ.