ಬಾಯಿ ನೋಡಿ ಕೇಳುವವಳು

ಬೋರಮ್ಮನ ಬಲಗಿವಿಯ ಹಿಂದೆ ಹೆಬ್ಬೆರಳು ಹೂತುಹೋಗುವಷ್ಟು ಗುಂಡಿಯಿತ್ತು. ಹುಟ್ಟಿನಿಂದಲೇ ಕಿವಿಯೊಳಗೆ ಬೆಳೆದಿದ್ದ ಗಡ್ಡೆಯನ್ನು ಐವತ್ತೇಳರ ದಸರೆ ಮುಗಿದ ಮೇಲೆ ಅಲ್ಲಿಂದಲೇ ಕೊರೆದು ತೆಗೆದಿದ್ದರು. ಗಡ್ಡೆಯ ಜೊತೆಗೆ ಆ ಕಿವಿಗೆ ಕೇಳಿಸುವುದೂ ಹೋಯಿತು. ಈಗ ಎಡಗಿವಿಯಲ್ಲೂ ಅಂಥದೇ ಗಡ್ಡೆ ಇದೆಯೆಂದು ಆಸ್ಪತ್ರೆಗೆ ಮತ್ತೆ ಕರೆಸಿದ್ದರು. ಒಂಟಿಕೊಪ್ಪಲಿನ ನಮ್ಮ ವಠಾರದಲ್ಲಿ ಕಾಲೇಜು ಓದಿದವಳು ನಾನೊಬ್ಬಳೇ. ಜೊತೆಗೆ ಹೋದೆ.

"ಅಕ್ಕಾವ್ರೇ, ಇದೊಂದು ಕಿವಿ ಬುಟ್ಬುಡಿ ಅನ್ನಿ. ಅಗಲೊತ್ತು ಬಾಯಿ ನೋಡ್ಕಂಡು ಎಂಗೋ ಆಯ್ತದೆ. ದೀಪ ಆರಿದ್ಮ್ಯಾಲೆ ಮಗಳು ಅಮ್ಮಾ ಅಂದ್ರೆ ಇದ್ರಲ್ಲೇ ನಂಗೆ ಕೇಳೋದು."

ಬೋರಮ್ಮ ನೇಯ್ಗೆ ಮಿಲ್ಲಿನವಳು. ಮಗ್ಗಗಳ ಗದ್ದಲದಲ್ಲಿ ಅಲ್ಲಿ ಕೂಗಿದರೂ ಕೇಳದು. ಹೆಂಗಸರು ದನಿಯಿಲ್ಲದೆ ತುಟಿಯಾಡಿಸಿಯೇ ಮಾತಾಡುತ್ತಾರೆ, ಜಗಳವನ್ನೂ ಆಡುತ್ತಾರೆ.

ಡಾಕ್ಟರ್ ವೃಷಭೇಂದ್ರಪ್ಪನವರು ವಿದ್ಯಾರ್ಥಿಗಳ ಹಿಂಡಿನೊಂದಿಗೆ ಬಂದರು. ಬೋರಮ್ಮನ ಬಲಗಿವಿಗೆ ದೀಪ ಬಿಟ್ಟು ನೋಡಿ, ಅದು ಕೇಳಿಸುತ್ತದೆಯೇ ಎಂದು ತಿಳಿಯಲು ಎಡಗಿವಿಗೆ ಹತ್ತಿ ತುರುಕಿಸಿ ಎದುರಿಗೆ ನಿಂತರು.

"ಊಟ ಆಯ್ತೇನಮ್ಮ?"

"ಆಯ್ತು ಸ್ವಾಮಿ."

"ಏನು ಸಾರು?"

"ಉಪ್ಸಾರು."

ವಿದ್ಯಾರ್ಥಿಗಳು ನಕ್ಕರು.

"ನೋಡಿ, ಗಡ್ಡೆ ಮರಳಿಲ್ಲ. ಕಿವಿ ಒಣಗಿದೆ, ಕೇಳಿಸುತ್ತಲೂ ಇದೆ. ಪೂರ್ತಿ ಗುಣ."

"ಇಲ್ಲ ಸ್ವಾಮಿ, ಆ ಕಿವಿ ಕೇಳಾಕಿಲ್ಲ," ಎಂದಳು ಬೋರಮ್ಮ.

"ಕೇಳದೇ ಇದ್ದರೆ ಉತ್ತರ ಹೇಗೆ ಕೊಟ್ಟೆ?"

"ನಿಮ್ ಬಾಯಿ ನೋಡ್ಕಂಡು."

ಈ ಸಲ ಇನ್ನೂ ಜೋರಾಗಿ ನಕ್ಕರು. "ಮಿಲ್ಲಿಗೆ ಹೋಗೋಕೆ ಮನಸ್ಸಿಲ್ಲ ಅನ್ನು," ಎಂದರು ಡಾಕ್ಟರು.

ನಾನು ಮುಂದೆ ಬಂದೆ. "ಅವಳ ಬೆನ್ನ ಹಿಂದೆ ನಿಂತು ಒಂದು ಸಲ ಕೇಳಿ ನೋಡಿ, ಸಾರ್."

"ತಾವು ಏನು ಓದಿದ್ದೀರಿ?"

"ಬಿ.ಎ., ಚರಿತ್ರೆ."

"ಹಾಗಾದರೆ ಅದನ್ನು ನೋಡಿಕೊಳ್ಳಿ, ತಾಯಿ."

ಬಾಗಿಲ ಬಳಿ ಬೋರಮ್ಮನ ಅಣ್ಣ ಚಾಮಯ್ಯ ನಿಂತಿದ್ದ. "ಗಡ್ಡೆ ಮೆದುಳಿಗೆ ಏರಿದರೆ ಉಳಿಯೋದಿಲ್ಲ ಕಣಯ್ಯ. ಇದೂ ಬಲಗಿವಿ ಹಾಗೇ ಗುಣ ಆಗುತ್ತೆ," ಎಂದರು ಡಾಕ್ಟರು ಅವನಿಗೆ. ಅವನು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಅವನನ್ನು ಏನೆನ್ನಲಿ? ಮೆದುಳಿನ ಮಾತಿಗೆ ಎದುರಾಡುವಷ್ಟು ನನಗೂ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಮಿಲ್ಲಿಗೆ ಹೊರಟ ಹೆಂಗಸರು ವಾರ್ಡಿನ ಕಿಟಕಿಯಾಚೆ ಬಂದು ನಿಂತರು. ಕಾವಲುಗಾರ ಒಳಗೆ ಬಿಡಲಿಲ್ಲ. ಅಲ್ಲಿಂದಲೇ ತುಟಿಯಾಡಿಸಿದರು. ಬೋರಮ್ಮನೂ ತುಟಿಯಾಡಿಸಿದಳು. ಏನೆಂದಳೋ ನನಗೆ ತಿಳಿಯಲಿಲ್ಲ. ಮುಂದೆ ನಿಂತಿದ್ದ ಬೆಟ್ಟಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡಳು.

ಆಪರೇಷನ್ ಕೋಣೆಯ ಬಾಗಿಲವರೆಗೆ ಅವಳ ಜೊತೆ ಹೋದೆ. ಎಡಗಿವಿಗೆ ಆಗಲೇ ಔಷಧದ ಬಟ್ಟೆ ತುಂಬಿದ್ದರು. ಒಳಗಿದ್ದವರೆಲ್ಲ ಮೂಗು ಬಾಯಿ ಮುಚ್ಚಿ ಬಿಳಿಬಟ್ಟೆ ಕಟ್ಟಿದ್ದರು.

"ಹೆಸರೇನಮ್ಮ?" ಡಾಕ್ಟರು ಬಗ್ಗಿ ಕೇಳಿದರು.

ಬೋರಮ್ಮ ಆ ಬಟ್ಟೆಯಲ್ಲಿ ಬಾಯಿ ಹುಡುಕಿದಳು.

"ನಿನ್ನ ಹೆಸರೇನಮ್ಮ?"

ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಅವಳ ಕಣ್ಣು ಓಡಿತು.

"ನೋಡಿ ಸಾರ್! ಅವಳಿಗೆ ಕೇಳಿಸ್ತಿಲ್ಲ!" ಕೂಗಿಬಿಟ್ಟೆ.

"ಹೆದರಿದ್ದಾಳೆ ಅಷ್ಟೆ. ಬಾಗಿಲು ಹಾಕಿ," ಎಂದರು.

ಬಾಗಿಲು ಮುಚ್ಚುವವರೆಗೂ ಬೋರಮ್ಮ ನನ್ನ ತುಟಿಗಳನ್ನೇ ನೋಡುತ್ತಿದ್ದಳು.