ಕೂಡಿ ಬರುವ ನಡುಕ

ಲಾಂಡ್ರಿಯ ಇಸ್ತ್ರಿ ಕೋಣೆಯ ನಡುವಿನ ಕಂಬವನ್ನು ರಜೆಯ ದಿನ ಒಡೆದು ತೆಗೆದರು. ತಳ್ಳುಗಾಡಿಗಳು ತಿರುಗಲು ಅದು ಅಡ್ಡವಾಗುತ್ತಿತ್ತು.

ಆ ಕೋಣೆಯ ಮೇಲಿನ ಮಹಡಿಯಲ್ಲಿ ಒದ್ದೆ ಬಟ್ಟೆ ಹಿಂಡುವ ಎರಡು ಯಂತ್ರಗಳು. ಅವನ್ನು ನಡೆಸುವವಳು ನಾದಿನಿ. ಅವುಗಳ ಕೆಳಗೇ ನಿಂತು ಆಸ್ಪತ್ರೆಯ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುವವಳು ಅತ್ತಿಗೆ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯನ್ನು ಕೈಹಿಡಿದು ಕರೆತಂದು ಕೆಲಸಕ್ಕೆ ಸೇರಿಸಿದವಳೂ ನಾದಿನಿಯೇ.

ಯಂತ್ರಗಳು ನೋಡಲು ಅವಳಿಜವಳಿ, ಆದರೆ ಒಂದು ತುಸು ಸೋಮಾರಿ. ಸುತ್ತು ಸುತ್ತಿಗೂ ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ಹಾಗಾಗಿ ಒಂದರ ನಡುಕವನ್ನು ಇನ್ನೊಂದು ನುಂಗಿ, ನೆಲ ಮಲಗಿದ ಕೂಸಿನಂತೆ ತಣ್ಣಗಾಗುತ್ತಿತ್ತು. ಮೆಲ್ಲಗೆ ಎರಡೂ ಜೊತೆಗೂಡಿ ಒಂದೇ ಏಟಿಗೆ ನೂಕಿದಾಗ ಕಿಟಕಿಗಳ ಹಲ್ಲು ಕಟಕಟ ಎನ್ನುತ್ತಿದ್ದವು. ಮತ್ತೆ ಬೇರೆಯಾಗುತ್ತಿದ್ದವು, ಮತ್ತೆ ಕೂಡುತ್ತಿದ್ದವು. ಕಂಬ ಇರುವಾಗ ಅದು ಅಂಗಾಲಿಗೆ ಬರೀ ಕಚಗುಳಿ. ಕಂಬ ಹೋದ ಮೇಲೆ ಕೆಳಗಿನ ಚಾವಣಿಯ ಗಾರೆ ಉದುರಿಸುವಷ್ಟು ಜೋರು.

ನಾದಿನಿಯ ಬಾಯಿ ಒಣಗುತ್ತಿದ್ದುದು ನೆಲ ತಣ್ಣಗಿರುವಾಗ. ಮುಂದೆ ಬರುವುದು ಯಾವುದೆಂದು ಅವಳಿಗೆ ಗೊತ್ತು. ಆ ಬರುವಿಕೆಯನ್ನು ಅಂಗಾಲಲ್ಲೇ ಕಲಿತುಕೊಂಡು, ನಡುಕ ಏರುವ ಮುಂಚೆ ಸ್ಪ್ಯಾನರ್‌ನಿಂದ ನೀರಿನ ಪೈಪಿಗೆ ಬಡಿಯುತ್ತಿದ್ದಳು. ಕೆಳಗಿನ ಹೆಂಗಸರು ಕೈಯಲ್ಲಿದ್ದುದನ್ನು ಬಿಟ್ಟು ಗೋಡೆಗೆ ಓಡುತ್ತಿದ್ದರು. ತಲೆಯ ಮೇಲಿನ ಗಾರೆ ಪುಡಿ ಕೊಡವುತ್ತ, ಆ ನಡುಕಕ್ಕೆ ಮಾವನ ಹೆಸರಿಟ್ಟು ಅತ್ತಿಗೆ ಕೂಗುತ್ತಿದ್ದಳು: "ಬಂದು ಹೋದ್ರೇನೇ ನಿಮ್ಮ ಮಾವನೋರು?"

"ಹೋದ್ರು ಅತ್ತಿಗೆ. ಕಾಫಿ ಕುಡೀದೆ ಹೋದ್ರು!"

ಹೀಗಿರುವಾಗ ಮೂರನೆಯ ಯಂತ್ರ ಬಂತು. ಮಾತಿಗೊಮ್ಮೆ ಬೇಗ ಬೇಗ ಎನ್ನುವ ಮೇಲ್ವಿಚಾರಕನಿಗೆ ಹೆಂಗಸರಿಟ್ಟ ಹೆಸರು ಬೇಗಪ್ಪ. ನೆಲ ತಡೆಯದೆಂಬ ಗುಸುಗುಸು ನಿಲ್ಲಿಸಲೆಂದು ಅವನು ನೀರು ತುಂಬಿದ ಲೋಟವೊಂದನ್ನು ಮಹಡಿಯ ನೆಲದ ಮೇಲಿಟ್ಟು, ಯಂತ್ರಗಳನ್ನು ಒಂದೊಂದಾಗಿ ಓಡಿಸಿದ. ನೀರು ಸುಕ್ಕುಗಟ್ಟಿತು, ಚೆಲ್ಲಲಿಲ್ಲ.

"ನೋಡಿದ್ಯಾ? ಮೂರೂ ಪಾಸು."

"ಒಟ್ಟಿಗೆ ಹಾಕಿ ಸಾರ್. ಹಾಕಿ ಸ್ವಲ್ಪ ಹೊತ್ತು ಕಾದು ನೋಡಿ," ಎಂದಳು ನಾದಿನಿ.

"ಒಬ್ಬೊಬ್ರೂ ಸಾಧುಗಳೇ ಆದ್ರೆ, ಮೂರು ಜನ ಸೇರಿ ಕೊಲೆ ಮಾಡ್ತಾರೇನಮ್ಮಾ?"

"ಮಾಡ್ತಾರೆ ಸಾರ್."

ಅವನು ನಗುತ್ತಲೇ ಮೂರನ್ನೂ ಹಾಕಿದ. ನಾದಿನಿ ಚಪ್ಪಲಿ ಬಿಟ್ಟು ನಿಂತಳು. ಅಂಗಾಲಿಗೆ ಏನೂ ಅರ್ಥವಾಗಲಿಲ್ಲ. ಎರಡು ಕೂಡಿದರೆ ಮೂರನೆಯದು ಎಳೆದು ಕೆಡಿಸುತ್ತಿತ್ತು. ಏರಿತು ಎನ್ನುವಷ್ಟರಲ್ಲಿ ಇಳಿಯುತ್ತಿತ್ತು. ಪೈಪಿಗೆ ಬಡಿದಳು. ಕೆಳಗೆ ಓಡಿದ ಸದ್ದು. ಏನೂ ಬರಲಿಲ್ಲ. ಹೆಂಗಸರು ಬೈದುಕೊಂಡು ಮೇಜಿಗೆ ಮರಳಿದರು. ಹಳೆಯ ಸರದಿ ಮುರಿದಿತ್ತು; ಹೊಸದು ಯಾವಾಗ ಸುತ್ತಿ ಬರುತ್ತದೋ, ಬರುತ್ತದೋ ಇಲ್ಲವೋ, ಹೇಳುವವರಿಲ್ಲ.

ಅಷ್ಟರಲ್ಲಿ ಮೂರರ ಏಟೂ ಒಮ್ಮೆಗೇ ಬಿತ್ತು. ಲೋಟ ಉರುಳಿತು. ಕೆಳಗಿನಿಂದ ಧಡ್ ಎಂದು ಸದ್ದು, ಅದರ ಬೆನ್ನಿಗೇ ಒಂದು ಕಿರುಚು.

ಎಲ್ಲ ಸ್ವಿಚ್ಚುಗಳನ್ನೂ ಆರಿಸಿ ಅವಳು ಮೆಟ್ಟಿಲು ಹಾರಿ ಇಳಿದಳು. ಅತ್ತಿಗೆಯ ಇಸ್ತ್ರಿ ಮೇಜಿನ ಮೇಲೆ ಚಾವಣಿಯ ಗಾರೆ ಮಂಚದಗಲ ಬಿದ್ದಿತ್ತು. ಒಂದು ಮಾರು ದೂರದಲ್ಲಿ ಅತ್ತಿಗೆ, ಮಡಚಲು ಹೊರಟ ಹಾಸುಬಟ್ಟೆಯನ್ನು ಎದೆಗವಚಿಕೊಂಡು ನಿಂತಿದ್ದಳು.

"ನೀನು ಬಡೀಲಿಲ್ಲ ಕಣೇ," ಎಂದಳು. ತುಟಿ ಬೆಳ್ಳಗಾಗಿತ್ತು.

"ಗೊತ್ತಾಗ್ಲಿಲ್ಲ ಅತ್ತಿಗೆ. ನಿಜವಾಗ್ಲೂ ಗೊತ್ತಾಗ್ಲಿಲ್ಲ."

ಬೇಗಪ್ಪ ಇಳಿದು ಬಂದ, ಗಾರೆ ನೋಡಿದ, ಬಾಗಿಲಾಚೆ ಆಸ್ಪತ್ರೆಯ ಬಟ್ಟೆಗೆ ಕಾದಿದ್ದ ಲಾರಿ ನೋಡಿದ. "ಬೇಗ. ಮೇಜನ್ನ ಈ ಕಡೆ ಎಳೀರಿ. ನೀನು ಮೇಲೆ ನಡಿ, ಯಂತ್ರ ಹಾಕು."

ನಾದಿನಿ ಕದಲಲಿಲ್ಲ.

"ಸರಿ ಮಾರಾಯ್ತಿ, ಮೂರು ಬೇಡ. ಎರಡು ಹಾಕು. ಎರಡಾದ್ರೆ ನಿಂಗೆ ರೂಢಿ ಇದೆಯಲ್ಲ?"

ರೂಢಿ. ತಾನು ಎಚ್ಚರಿಸುತ್ತ ಬಂದದ್ದಕ್ಕೇ ಇವರು ಯಂತ್ರ ನಿಲ್ಲಿಸದೆ ನಡೆಸಿಕೊಂಡು ಬಂದರಲ್ಲ ಎಂದು ಅವಳಿಗೆ ಹೊಳೆಯಿತು. ಅತ್ತಿಗೆಯ ತೋಳು ಹಿಡಿದುಕೊಂಡಳು.

"ಹಾಕಲ್ಲ ಸಾರ್."

"ಕೆಲಸ ಬೇಕೋ ಬೇಡ್ವೋ?"

"ಬೇಕು. ಹಾಕಲ್ಲ."