ಗ್ರಾಹಕರು ಮೊದಲು ಇಡಬೇಕು

ಫೋನು ಎರಡು ಸಲ ಬಡಿದುಕೊಂಡು ಮೂರನೆಯದಕ್ಕೆ ಬಾಯಿ ತೆರೆಯುವುದರೊಳಗೆ ರಿಸೀವರು ಕೈಯಲ್ಲಿರಬೇಕು. ಬೆನ್ನು ನೆಟ್ಟಗಿರಬೇಕು. ಎದುರಿಗೆ ಯಾರೂ ಇಲ್ಲದಿದ್ದರೂ ತಲೆ ಬಾಗಿಸಿಯೇ ವಂದಿಸಬೇಕು. ಬಾಗದ ತಲೆ ದನಿಯಲ್ಲಿ ಗೊತ್ತಾಗಿಬಿಡುತ್ತದೆ. ಮಾತು ಮುಗಿದ ಮೇಲೆ ಗ್ರಾಹಕರು ಮೊದಲು ಫೋನು ಇಡಬೇಕು, ನಾವು ಆಮೇಲೆ. ಜಪಾನಿನ ಕನಜಾವಾ ಊರಿನ ಹಳೆಯ ಮಿಠಾಯಿ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಫೋನಿನ ಮೇಜು ನೋಡಿಕೊಳ್ಳುತ್ತಿದ್ದ ಫುಸಾಕೊ ಇದನ್ನು ಎಷ್ಟೋ ಹುಡುಗಿಯರಿಗೆ ಹೇಳಿಕೊಟ್ಟಿದ್ದಳು. ಕಲಿತವರು ಎಷ್ಟು ಮಂದಿ ಎಂದು ಕೇಳಿದರೆ ಮಾತ್ರ ಅವಳ ಮುಖ ಹುಳ್ಳಗಾಗುತ್ತಿತ್ತು.

ಆ ದಿನ ಬೆಳಿಗ್ಗೆಯೂ ಹೊಸದಾಗಿ ಸೇರಿದ ಕಾಜುಮಿ ಗ್ರಾಹಕರೊಬ್ಬರಿಗೆ, "ಯಜಮಾನರು ಬರ್ತಾರೆ, ಒಂದು ನಿಮಿಷ" ಎಂದುಬಿಟ್ಟಳು.

"ಹೊರಗಿನವರ ಮುಂದೆ ನಮ್ಮವರನ್ನ ಏರಿಸಿ ಮಾತಾಡಬಾರದು ಅಂತ ಎಷ್ಟು ಸಲ ಬಡ್ಕೊಳ್ಳಲಿ? 'ನಮ್ಮ ಹೊರಿಗುಚಿ ಬರ್ತಾನೆ' ಅನ್ಬೇಕು."

"ಯಜಮಾನರನ್ನ ಬರ್ತಾನೆ ಅಂದ್ರೆ ನಾಲಿಗೆ ಬಿದ್ದುಹೋಗತ್ತೆ ಅಕ್ಕಾ!"

"ಬೀಳಲಿ. ಬೀಳೋಕೆ ಮೊದಲು ಸರಿಯಾಗಿ ಹೇಳಿ ಬೀಳಲಿ."

ಪಕ್ಕದ ಮೇಜಿನಿಂದ ಯಜಮಾನ ಹೊರಿಗುಚಿ, "ಹೌದಮ್ಮ, ಬರ್ತಾನೆ ಅನ್ನು, ನನಗೇನೂ ಬೇಜಾರಿಲ್ಲ" ಎಂದು ತಲೆಯಾಡಿಸಿದರು.

ಫುಸಾಕೊಳ ಸಿಡುಕಿಗೆ ಕಾಜುಮಿಯೊಬ್ಬಳೇ ಕಾರಣವಲ್ಲ. ಮಗಳು ಮಿದೊರಿ ಫೋನು ಮಾಡಿ ಏಳು ವಾರವಾಗಿತ್ತು. ಕೊನೆಯ ಸಲ ನಾಗೋಯಾದ ಗಂಡನ ಮನೆಯಿಂದ ಮಾಡಿದವಳು, "ಅಮ್ಮ, ಅತ್ತೆ ಏನು ಹೇಳ್ತಾಳೆ ಗೊತ್ತಾ..." ಎಂದು ಶುರುಮಾಡಿದ್ದಳು. "ಹೇಳ್ತಾರೆ ಅನ್ನು" ಎಂದಿದ್ದಳು ಫುಸಾಕೊ. "ಸರಿ, ಹೇಳ್ತಾರೆ. ಆದ್ರೆ ಅವಳು..." "ಅವರು." ಹೀಗೆ ಮೂರು ಸಲ ಆಯಿತು. ನಾಲ್ಕನೆಯ ಸಲ ತಿದ್ದುವಷ್ಟರಲ್ಲಿ ರಿಸೀವರನ್ನು ಕುಕ್ಕಿದ ಸದ್ದು ಫುಸಾಕೊಳ ಕಿವಿಗೆ ಬಡಿದಿತ್ತು. ಆಮೇಲೆ ಇವಳೇ ಹನ್ನೆರಡು ಸಲ ಮಾಡಿದಳು. ಯಾರೂ ಎತ್ತಲಿಲ್ಲ. ಮಗಳು ಹೇಳಬೇಕೆಂದಿದ್ದ ವಿಷಯವೇನು ಎಂಬುದು ಇವತ್ತಿಗೂ ಗೊತ್ತಿರಲಿಲ್ಲ. ಅದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು, ಹೊರಗೆ ಸಿಡುಕಾಗಿ ಕಾಜುಮಿಯ ಮೇಲೆ ಹೋಗುತ್ತಿತ್ತು.

ಹನ್ನೊಂದರ ಸುಮಾರಿಗೆ ಫೋನು ಬಂತು. ಫುಸಾಕೊ ಎತ್ತಿ, ತಲೆ ಬಾಗಿಸಿ, ಅಂಗಡಿಯ ಹೆಸರು ಹೇಳಿದಳು.

"ಒಂದು ಆರ್ಡರ್ ಕೊಡೋದಿತ್ತು" ಎಂದಿತು ಆ ಕಡೆಯ ದನಿ.

ಮಿದೊರಿಯ ದನಿ! ಹೊರಿಗುಚಿ ಮೂರಡಿ ದೂರದಲ್ಲೇ ಕೂತಿದ್ದರು. ಅಂಗಡಿಯ ಫೋನಿನಲ್ಲಿ ಮನೆಯ ಮಾತು ಆಡಬಾರದು ಎಂಬ ಚೀಟಿ ಎದುರಿನ ಗೋಡೆಯಲ್ಲಿತ್ತು. ಬರೆದು ಅಂಟಿಸಿದವಳು ಇವಳೇ.

"ತಮ್ಮ ಕರೆಗೆ ನಾವು ಆಭಾರಿಗಳು. ಅಪ್ಪಣೆಯಾಗಲಿ."

"ಮನೆ ಫೋನಲ್ಲಾದ್ರೆ ಪ್ರತಿ ಮಾತಿಗೂ ತಿದ್ದುತ್ತೀಯ. ಗ್ರಾಹಕರನ್ನ ತಿದ್ದೋ ಹಾಗಿಲ್ಲ, ನಡುವೆ ಫೋನ್ ಇಡೋ ಹಾಗೂ ಇಲ್ಲ. ಅದಕ್ಕೇ ಇಲ್ಲಿಗೆ ಮಾಡಿದ್ದು. ಕೆಂಪು ಕಾಳಿನ ಹೂರಣದ ಉಂಡೆ, ಹತ್ತರದು ಒಂದು ಪೆಟ್ಟಿಗೆ."

ಎಂಥ ಕಿಲಾಡಿ! ಫುಸಾಕೊ ಹಲ್ಲು ಕಚ್ಚಿ ಬರೆದುಕೊಂಡಳು. ಮುಂದಿನ ಪ್ರಶ್ನೆ ಕೇಳಲೇಬೇಕು. ಸಂದರ್ಭ ತಿಳಿಯದೆ ಪೆಟ್ಟಿಗೆಗೆ ದಾರ ಕಟ್ಟುವಂತಿಲ್ಲ. ಮಗು ಹುಟ್ಟಿದ್ದಕ್ಕೆ ಬಿಚ್ಚಿ ಮತ್ತೆ ಕಟ್ಟಬಹುದಾದ ಗಂಟು, ಮದುವೆಗೆ ಎಂದೂ ಬಿಚ್ಚದ ಗಂಟು, ಸಾವಿಗೆ ಕಪ್ಪು ಬಿಳುಪು ದಾರ. ಮೊಮ್ಮಗು ಬರುತ್ತಿರಬಹುದೇ ಎಂಬ ಆಸೆ ಒಂದು ಗಳಿಗೆ ಮಿಂಚಿತು.

"ಯಾವ ಸಂದರ್ಭಕ್ಕೆಂದು ಕೇಳಬಹುದೇ?"

"ಮದುವೆ ಮುರಿದಿದ್ದಕ್ಕೆ ಯಾವ ಗಂಟು ಹಾಕ್ತೀರಿ?"

ಪೆನ್ನು ನಿಂತಿತು. ಆರು ವರ್ಷದ ಹಿಂದೆ ಮಿದೊರಿಯ ಮದುವೆಯ ಪೆಟ್ಟಿಗೆಗಳಿಗೆಲ್ಲ ಆ ಬಿಚ್ಚದ ಗಂಟನ್ನು ಕೂತು ಹಾಕಿದವಳು ಇದೇ ಫುಸಾಕೊ. ಅಯ್ಯೋ, ಆ ದಿನ ಮಗಳು ಇದನ್ನೇ ಹೇಳಲು ಬಂದಿದ್ದಳು. ನಾನು ಬಹುವಚನ ಹುಡುಕುತ್ತ ಕೂತಿದ್ದೆ. ತನ್ನ ನಾಲಿಗೆಯನ್ನೇ ಕಿತ್ತು ಬಿಸಾಡಬೇಕು ಅನ್ನಿಸಿತು ಅವಳಿಗೆ.

"ಅದಕ್ಕೆ... ನಮ್ಮಲ್ಲಿ ದಾರವಿಲ್ಲ. ದಯವಿಟ್ಟು ಮನ್ನಿಸಬೇಕು." ಅವಳು ಇನ್ನೊಮ್ಮೆ ತಲೆ ಬಾಗಿಸಿದಳು. "ನಿಜವಾಗಿಯೂ ಮನ್ನಿಸಬೇಕು."

ಆ ಕಡೆ ಮೂಗೆಳೆದ ಸದ್ದು. "ಹಾಗಾದ್ರೆ ತಪ್ಪೊಪ್ಪಿಗೆಗೆ ಅಂತ ಬರ್ಕೊಳ್ಳಿ. ಅಮ್ಮನ ಕಿವಿಗೆ ಫೋನ್ ಕುಕ್ಕಿದ್ದಕ್ಕೆ. ಕಳಿಸಬೇಕಾದ ವಿಳಾಸ ನಿಮಗೆ ಗೊತ್ತಿದೆ."

ಹೊರಿಗುಚಿ ಕತ್ತೆತ್ತಿ ನೋಡಿದರು. ಫುಸಾಕೊ ಬೆನ್ನು ನೆಟ್ಟಗೆ ಮಾಡಿದಳು. ಮನೆಗೆ ಬಾರೇ ಎಂದು ಕೂಗಬೇಕು, ಕೂಗುವಂತಿಲ್ಲ. ಆದರೆ ಮೂವತ್ತೊಂದು ವರ್ಷದ ರಿವಾಜು ಕೈಬಿಡಲಿಲ್ಲ.

"ತಪ್ಪೊಪ್ಪಿಗೆಯ ಪೆಟ್ಟಿಗೆಗೆ ಬರೀ ಬಿಳಿ ಕಾಗದ ಸುತ್ತುತ್ತೇವೆ. ಅದನ್ನು ಪಾರ್ಸೆಲಿನಲ್ಲಿ ಕಳಿಸುವ ಪದ್ಧತಿಯಿಲ್ಲ. ತಪ್ಪಾಯಿತು ಅನ್ನುವವರು ತಾವೇ ಬಂದು, ಎರಡೂ ಕೈಯಲ್ಲಿ ಕೊಡಬೇಕು. ಪೆಟ್ಟಿಗೆ ಸಿದ್ಧ ಇಟ್ಟಿರುತ್ತೇನೆ. ಇವತ್ತೇ ಬಂದರೆ ಉಂಡೆ ಮೆತ್ತಗಿರುತ್ತದೆ."

"ಸಾಮಾನು ಜಾಸ್ತಿ ಇದೆ. ಎರಡು ಸೂಟ್‌ಕೇಸು."

"ಎಷ್ಟಿದ್ದರೂ ಸ್ಥಳವಿದೆ."

"ಅಳ್ತಿದೀಯಾ?"

"ನೆಗಡಿ. ಕ್ಷಮಿಸಬೇಕು."

ಮಾತು ಮುಗಿಯಿತು. ಫೋನು ಮಾತ್ರ ಮುಗಿಯಲಿಲ್ಲ. ಫುಸಾಕೊ ಕಾದಳು. ಆ ಕಡೆಯೂ ಉಸಿರು ಕೇಳುತ್ತಲೇ ಇತ್ತು.

"ಗ್ರಾಹಕರು ಮೊದಲು ಇಡಬೇಕೆಂದು ವಿನಂತಿ" ಎಂದಳು ಫುಸಾಕೊ.

"ಹಿರಿಯರು ಮೊದಲು ಇಡಬೇಕು. ಐದನೇ ವಯಸ್ಸಿಗೇ ಕಲಿಸಿದ್ದೀಯ."

"ತಾವು ಗ್ರಾಹಕರು."

"ನೀವು ಹಿರಿಯರು."

"ದಯಮಾಡಿ ತಾವು ಮೊದಲು."

"ಇಲ್ಲಪ್ಪ, ನೀವೇ ಮೊದಲು."

ಇನ್ನೊಂದು ಲೈನು ಬಡಿದುಕೊಳ್ಳುತ್ತಿತ್ತು. ಹೊರಿಗುಚಿ ಗಡಿಯಾರ ನೋಡಿದರು. ಮೂವತ್ತೊಂದು ವರ್ಷದ ತಾಳ್ಮೆ ಅಲ್ಲಿಗೆ ಪಟ್ಟನೆ ಹರಿಯಿತು.

"ಇಡೇ ತಾಯಿ, ಸಾಕು! ಮೂರು ಗಂಟೆ ರೈಲು ತಪ್ಪಿಸ್ಕೊಂಡ್ರೆ ರಾತ್ರಿ ಊಟಕ್ಕೆ ಮುಟ್ಟಲ್ಲ ನೀನು!"

ಕಾಜುಮಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಆ ಕಡೆ ಮಿದೊರಿ ಅಳುತ್ತಲೇ ನಕ್ಕಳು. ಆಮೇಲೆ, ರಿಸೀವರನ್ನು ಕುಕ್ಕದೆ, ಫೋನಿನ ಗುಂಡಿಯನ್ನು ಬೆರಳಿನಿಂದ ಒತ್ತಿ ಇಟ್ಟರೆ ಮಾತ್ರ ಬರುವ ಆ ಸಣ್ಣ 'ಟಿಕ್' ಕೇಳಿಸಿತು.

ಫುಸಾಕೊ ತಲೆ ಬಾಗಿಸಿ ವಂದಿಸಿದಳು. ಸದ್ದಾಗದಂತೆ ರಿಸೀವರು ಇಟ್ಟು ಕಣ್ಣೊರೆಸಿಕೊಂಡಳು.

"ಏನೇ ನೋಡ್ತಿದೀಯ?" ಎಂದಳು ಕಾಜುಮಿಗೆ. "ಗ್ರಾಹಕರೇ ಮೊದಲು ಇಟ್ರು."